ದೋರಸಮುದ್ರದ ಮೀನು, ಚಿಕ್ಕಪೇಟೆಯ ಬ್ರೆಡ್ಡು

ಕರಿದ ಮೀನನ್ನು ಎರಡು ಹೋಳು ಬ್ರೆಡ್ಡಿನ ನಡುವೆ ಇಟ್ಟು ತಿನ್ನುವ ತಿಂಡಿಗೂ ಒಂದು ಚರಿತ್ರೆಯುಂಟೆಂದರೆ ನಗುವವರೇ ಹೆಚ್ಚು. ಚರಿತ್ರೆಯೆಂದರೆ ಪಟ್ಟಾಭಿಷೇಕ, ದಂಡಯಾತ್ರೆ, ದಾನಶಾಸನ ಎಂದು ಮಕ್ಕಳಿಗೆ ಹೇಳಿಕೊಟ್ಟು ನಮಗೆ ರೂಢಿಯಾಗಿಬಿಟ್ಟಿದೆ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಹೆಸರು ಬಂದರಂತೂ ಮಾತು ನೆಟ್ಟಗೆ ಮದನಿಕೆಯರ ಕಡೆಗೇ ಹೊರಳುತ್ತದೆ. ಅದೂ ಸಹಜವೇ. 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. 1121ರ ಸುಮಾರಿಗೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ಮೇಲೇಳತೊಡಗಿತು. 1220ರಲ್ಲಿ ಅರಸೀಕೆರೆಯ ಈಶ್ವರ ದೇವಾಲಯ ನಕ್ಷತ್ರಾಕಾರದ ಮಂಟಪದೊಡನೆ ನಿಂತಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೂ ಸೇರಿದವು. ಇಷ್ಟೆಲ್ಲ ಹೇಳುವಾಗ ಆ ಊರುಗಳ ಜನ ಏನನ್ನು ಉಂಡರು, ಉಂಡದ್ದನ್ನು ಹೇಗೆ ಬೇಯಿಸಿದರು ಎಂಬ ಪ್ರಶ್ನೆ ಮಾತ್ರ ಯಾರ ಬಾಯಿಗೂ ಬರುವುದಿಲ್ಲ. ಅದಕ್ಕೆ ಪರೀಕ್ಷೆಯಲ್ಲಿ ಅಂಕವೂ ಇಲ್ಲ.

ಈ ತಿಂಡಿಯಲ್ಲಿ ಎರಡು ಚರಿತ್ರೆಗಳು ಒಂದರ ಮೇಲೊಂದು ಕುಳಿತಿವೆ. ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿಯುವ ವಿದ್ಯೆ ನಮ್ಮ ನಾಡಿನಲ್ಲಿ ಒಂಬತ್ತು ನೂರು ವರ್ಷಗಳಿಗೂ ಹಳೆಯದು. ಬ್ರೆಡ್ಡು ನಿನ್ನೆ ಮೊನ್ನೆಯದು. ಹಳೆಯದು ಹೇಗೆ ಉಳಿಯಿತು, ಹೊಸದು ಯಾವ ಬಾಗಿಲಿನಿಂದ ಒಳಗೆ ಬಂದಿತು ಎಂಬುದನ್ನು ನೋಡೋಣ.

ಮೊದಲು ನೀರಿನ ಮಾತು. ಮೂರು ಊರಿಗೂ ಕೆರೆಯೇ ಆಧಾರ. ಅರಸೀಕೆರೆ ಎಂಬುದು ಅರಸಿಯ ಕೆರೆ. ಹೊಯ್ಸಳರ ಕಾಲದ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಆ ಹೆಸರು ಬಂದಿತೆಂದು ಪ್ರತೀತಿ. ಹಳೇಬೀಡಿನ ಹಳೆಯ ಹೆಸರಾದ ದೋರಸಮುದ್ರದ ಕೊನೆಯ ‘ಸಮುದ್ರ’ವೂ ಕೆರೆಯೇ ಆಗಿದೆ. ಬೇಲೂರಿನಲ್ಲಿ ವಿಷ್ಣುಸಮುದ್ರವಿದೆ. ಕಡಲು ಕಾಣದ ನಾಡಿನಲ್ಲಿ ಕೆರೆಗೆ ಸಮುದ್ರವೆಂದು ಹೆಸರಿಟ್ಟವರ ಧೈರ್ಯವನ್ನು ಮೆಚ್ಚಬೇಕು. ಕೆರೆಯೆಂದ ಮೇಲೆ ಮೀನು, ಮೀನೆಂದ ಮೇಲೆ ಬೆಸ್ತರು, ಅಂಬಿಗರು, ಬಲೆ, ಗಾಳ. ಕೆರೆಯ ಏರಿ, ತೂಬು, ಅದರ ದುರಸ್ತಿಗೆ ಬಿಟ್ಟ ಬಿತ್ತುವಟ್ಟದ ಗದ್ದೆ, ಇವೆಲ್ಲ ನಮ್ಮ ಶಾಸನಗಳಲ್ಲಿ ವಿವರವಾಗಿ ಬರುತ್ತವೆ. ಮೀನು ಹಿಡಿದವರ ಮನೆಯ ಒಲೆಯ ಸುದ್ದಿ ಶಾಸನದ ಕಲ್ಲಿಗೆ ಬರುವುದಿಲ್ಲ. ದಾನ ಕೊಡುವಷ್ಟು ಇದ್ದವರ ಹೆಸರನ್ನೇ ಅಲ್ಲವೆ ಕಲ್ಲಿನಲ್ಲಿ ಕೊರೆಯುವುದು?

ಮೀನು ಎಂಬ ಮಾತು ನಮ್ಮದೇ. ತಮಿಳು, ಮಲಯಾಳ, ತುಳು, ತೆಲುಗುಗಳಲ್ಲಿ ಅದರ ಬಳಗವಿದೆ. ಸಂಸ್ಕೃತದ ‘ಮೀನ’ ಶಬ್ದವೂ ದ್ರಾವಿಡದಿಂದ ಹೋದದ್ದೆಂದು ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿ ಒಪ್ಪುತ್ತಾರೆ. ಸಂಸ್ಕೃತಕ್ಕೆ ನಾವು ಕೊಟ್ಟ ಸಾಲ ಅತಿ ಸ್ವಲ್ಪ, ಅದರಲ್ಲಿ ಇದೊಂದು. ಇನ್ನು ಅಡುಗೆಯ ಕ್ರಿಯಾಪದಗಳನ್ನು ನೋಡಿ: ಸುಡು, ಹುರಿ, ಬಾಡಿಸು, ಕರಿ. ಬೆಂಕಿಗೆ ನೇರವಾಗಿ ಹಿಡಿದರೆ ಸುಡುವುದು. ಬಾಣಲೆಯಲ್ಲಿ ಬಿಸಿ ಮಾಡಿ ಕೈಯಾಡಿಸಿದರೆ ಹುರಿಯುವುದು. ತುಸು ಎಣ್ಣೆಯಲ್ಲಿ ನೀರು ಆರುವವರೆಗೆ ತಿರುವಿದರೆ ಬಾಡಿಸುವುದು. ಕಾದ ಎಣ್ಣೆಯಲ್ಲಿ ಮುಳುಗಿಸಿದರೆ ಕರಿಯುವುದು. ಇಂಗ್ಲಿಷಿನವರು ಇವುಗಳಲ್ಲಿ ಮೂರನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಒಲೆಯ ಮುಂದೆ ಬಹುಕಾಲ ಕುಳಿತ ಜನಕ್ಕಲ್ಲದೆ ಇಷ್ಟು ಭೇದ ತೋರುವುದಿಲ್ಲ.

ಕರಿದ ಮೀನಿನ ವಿಷಯದಲ್ಲಿ ನಮಗೆ ಸಿಗುವ ಹಳೆಯ, ಸ್ಪಷ್ಟವಾದ ಬರಹ ಕನ್ನಡ ನಾಡಿನದೇ. ಭಾಷೆ ಮಾತ್ರ ಸಂಸ್ಕೃತ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1126ರಲ್ಲಿ ಪಟ್ಟಕ್ಕೆ ಬಂದನು. ಯುದ್ಧಕ್ಕಿಂತ ಪುಸ್ತಕದಲ್ಲಿ ಅವನಿಗೆ ಆಸಕ್ತಿ ಹೆಚ್ಚೆಂದು ತೋರುತ್ತದೆ. 1129ರಲ್ಲಿ ಅವನು ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥವನ್ನು ರಚಿಸಿದನು, ಅದಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಉಂಟು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ರಾಜ್ಯವನ್ನು ಪಡೆಯುವುದರಿಂದ ಹಿಡಿದು ಆನೆ, ಕುದುರೆ, ಸಂಗೀತ, ಚಿತ್ರಕಲೆ, ರತ್ನಪರೀಕ್ಷೆಯವರೆಗೆ ದೊರೆಗೆ ತಿಳಿದಿರಬೇಕಾದುದೆಲ್ಲ ಅದರಲ್ಲಿದೆ. ಬೇಲೂರಿನ ವಿಷ್ಣುವರ್ಧನ ಆಗ ಹೆಸರಿಗಾದರೂ ಈ ಚಾಲುಕ್ಯರ ಸಾಮಂತ. ಆದ್ದರಿಂದ ದೋರಸಮುದ್ರದ ಅರಮನೆಗೆ ಮೇಲ್ಪಂಕ್ತಿಯಾಗಿದ್ದ ಆಸ್ಥಾನದ ಊಟದ ವಿವರ ಇದು ಎಂದುಕೊಳ್ಳಬಹುದು.

ಈ ಗ್ರಂಥದಲ್ಲಿ ಮೀನು ಎರಡು ಕಡೆ ಬರುತ್ತದೆ. ವಿನೋದಗಳ ಭಾಗದಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವೇ ಇದೆ. ಯಾವ ಮೀನು ಹೊಳೆಯದು, ಯಾವುದು ಕಡಲಿನದು, ಯಾವುದಕ್ಕೆ ಹುರುಪೆಯುಂಟು, ಯಾವುದಕ್ಕಿಲ್ಲ, ಯಾವುದಕ್ಕೆ ಏನು ಎರೆ ಹಾಕಬೇಕು, ಗಾಳದ ಕೋಲು, ದಾರ, ಕೊಕ್ಕೆ ಹೇಗಿರಬೇಕು ಎಂದು ದೊರೆ ವಿವರಿಸುತ್ತಾನೆ. ಇದನ್ನು ಅರಮನೆಯಲ್ಲಿ ಕುಳಿತು ಊಹಿಸಿ ಬರೆಯುವುದು ಸಾಧ್ಯವಿಲ್ಲ. ನೀರಿನ ಪಕ್ಕದಲ್ಲಿ ಬದುಕುವ ಯಾರೋ ಬೆಸ್ತರನ್ನು ಕರೆಸಿ ಕೇಳಿರಬೇಕು. ಕೇಳಿದವನ ಹೆಸರು ಉಳಿಯಿತು, ಹೇಳಿದವನದು ಉಳಿಯಲಿಲ್ಲ.

ಇನ್ನೊಂದು ಕಡೆ ಅನ್ನಭೋಗದ ಅಧ್ಯಾಯ. ಅಲ್ಲಿ ಮೀನಿನ ಅಡುಗೆಯ ಕ್ರಮವಿದೆ. ಸಾರಾಂಶವಾಗಿ ಹೇಳಬೇಕಾದರೆ ಹೀಗೆ: ಹುರುಪೆ ತೆಗೆದು ಮೀನನ್ನು ತುಂಡು ಮಾಡಬೇಕು, ನಾತ ಹೋಗುವಂತೆ ಚೆನ್ನಾಗಿ ತೊಳೆದು ಅರಿಶಿನ ಹಚ್ಚಬೇಕು, ಹುಣಸೆಯ ರಸದಲ್ಲಿ ಬೇಯಿಸಬೇಕು, ಆಮೇಲೆ ಗೋಧಿಯ ಹಿಟ್ಟನ್ನು ಉದುರಿಸಿ, ಕಾದ ಎಣ್ಣೆಯಲ್ಲಿ ಹೊಂಬಣ್ಣ ಬರುವ ತನಕ ಕರಿಯಬೇಕು, ಕೊನೆಗೆ ಸೈಂಧವ ಲವಣ, ಏಲಕ್ಕಿ, ಮೆಣಸುಗಳ ಪುಡಿಯನ್ನು ಚಿಮುಕಿಸಬೇಕು. ಇಲ್ಲಿ ಮೆಣಸು ಎಂದರೆ ಕರಿಯ ಕಾಳುಮೆಣಸು. ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಹಡಗುಗಳಿಂದಾಚೆಗೆ. ಹೊಸ ವಸ್ತು ಬಂದಾಗ ನಮ್ಮವರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮೆಣಸಿನ ಹಾಗೆ ಖಾರವಾದ ಕಾಯಿ, ಆದ್ದರಿಂದ ಮೆಣಸಿನಕಾಯಿ, ಅಷ್ಟೆ. ಇಂದಿನ ಪಾರಿಭಾಷಿಕ ಶಬ್ದಗಳ ಸಮಿತಿಗಳಿಗೆ ಇಷ್ಟು ಸುಲಭವಾಗಿ ಕೆಲಸ ಆಗುವುದಿಲ್ಲ.

ಸಂಸ್ಕೃತದಲ್ಲಿ ಹೀಗೆ ಬರೆದಿದ್ದರೆ ಕನ್ನಡದಲ್ಲಿ ಏನಿದೆ? ಕನ್ನಡದಲ್ಲಿ ಪಾಕಶಾಸ್ತ್ರಕ್ಕೆ ಕೊರತೆಯಿಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರದ ಅಧ್ಯಾಯವಿದೆ. 1509ರ ಸುಮಾರಿಗೆ ಕಲ್ಲಹಳ್ಳಿಯ ಪ್ರಭು ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಪದ್ಯದಲ್ಲಿ ರಚಿಸಿದನು, ಅದರ ಮೊದಲ ಅಧ್ಯಾಯ ಪೂರ್ತಿ ರೊಟ್ಟಿ, ಮಂಡಿಗೆ, ಸಿಹಿತಿಂಡಿ ಮುಂತಾದ ಹಿಟ್ಟಿನ ಪಾಕಗಳಿಗೇ ಮೀಸಲು. ಇಬ್ಬರೂ ಜೈನರು. ಅವರ ಅಡುಗೆಮನೆಯಲ್ಲಿ ಮೀನಿಗೆ ಪ್ರವೇಶವಿಲ್ಲ. ಅದು ಅವರ ಧರ್ಮ, ಅದರ ಬಗ್ಗೆ ಆಕ್ಷೇಪಿಸುವುದು ಸಲ್ಲದು. ಆದರೆ ಫಲವೇನಾಯಿತೆಂದರೆ ನಾಡಿನ ಒಂದು ದೊಡ್ಡ ಭಾಗದ ಜನ ದಿನವೂ ಮಾಡಿದ ಅಡುಗೆಗೆ ಆ ನಾಡಿನ ಭಾಷೆಯಲ್ಲಿ ಶತಮಾನಗಳ ಕಾಲ ಪುಸ್ತಕವಿಲ್ಲದೆ ಹೋಯಿತು. ಬದನೆಕಾಯಿಯ ಅಡುಗೆಗೆ ಪದ್ಯಗಳ ಸಾಲೇ ಇರುವ ಭಾಷೆಯಲ್ಲಿ ಕೊರವ ಮೀನಿಗೆ ಒಂದು ಸಾಲಿಲ್ಲ.

ಹೊಯ್ಸಳರ ಆಸ್ಥಾನದ ಕನ್ನಡ ಕಾವ್ಯದಲ್ಲಿ ಮೀನು ಅಡುಗೆಮನೆಗೆ ಬರುವ ಪ್ರಸಂಗವೊಂದು ಇದೆ. ಅದು ಮಾತ್ರ ಬೇರೆ ರೀತಿಯದು. ಇಮ್ಮಡಿ ಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಮುಗಿಸಿದನು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಉಜ್ಜಯಿನಿಯ ಅರಸ ಯಶೋಧರನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ನವೆಯುತ್ತಾರೆ. ಒಂದು ಜನ್ಮದಲ್ಲಿ ತಾಯಿ ಸಿಪ್ರಾನದಿಯಲ್ಲಿ ಮೊಸಳೆಯಾಗುತ್ತಾಳೆ, ಮಗ ಅದೇ ನದಿಯಲ್ಲಿ ಮೀನಾಗುತ್ತಾನೆ. ಮೀನು ಬಲೆಗೆ ಬೀಳುತ್ತದೆ. ಮಗ ತನ್ನ ತಂದೆಗೆ ಮಾಡಿಸುವ ಶ್ರಾದ್ಧದ ಅಡುಗೆಗೆ ತಂದೆಯೇ ಮೀನಾಗಿ ಬೇಯುವಂತಾಗುತ್ತದೆ. ಇದಕ್ಕಿಂತ ಕ್ರೂರವಾದ ವ್ಯಂಗ್ಯ ಕನ್ನಡದಲ್ಲಿ ವಿರಳ. ಜನ್ನನನ್ನು ಪಾಠ ಮಾಡಿ ಭಾನುವಾರ ಮೀನು ತಿನ್ನುವುದು ಹೇಗೆ ಸಾಧ್ಯ ಎಂದು ಸ್ನೇಹಿತರು ನನ್ನನ್ನು ಹಾಸ್ಯ ಮಾಡುವುದುಂಟು. ಕಾವ್ಯವನ್ನು ಕಾವ್ಯವಾಗಿ ಓದಬೇಕು, ಮೀನನ್ನು ಮೀನಾಗಿ ತಿನ್ನಬೇಕು ಎಂದು ನಾನು ಉತ್ತರ ಕೊಡುತ್ತೇನೆ. ಅವರಿಗೆ ಸಮಾಧಾನವಾದಂತೆ ಕಾಣುವುದಿಲ್ಲ.

ಕೆಲವು ವರ್ಷಗಳ ಕೆಳಗೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆವು. ಗುಡಿ ನೋಡಿಯಾದ ಮೇಲೆ ಕೆರೆಯ ಏರಿಯ ಕಡೆ ನೆರಳಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿದರು. ಒಬ್ಬ ಹುಡುಗಿ ಮಾತ್ರ ಬೆನ್ನು ತಿರುಗಿಸಿ ದೂರದಲ್ಲಿ ಕುಳಿತು ಡಬ್ಬಿಯ ಮುಚ್ಚಳವನ್ನು ಅರ್ಧ ತೆರೆದು ತಿನ್ನುತ್ತಿದ್ದಳು. ಹುಡುಗರು ಮೂಗು ಹಿಡಿದುಕೊಂಡು ನಗುತ್ತಿದ್ದರು. ಹತ್ತಿರ ಹೋಗಿ ಏನಮ್ಮ ತಂದಿದ್ದೀಯ ಎಂದೆ.

“ಮೀನು ಸಾರ್. ಬ್ರೆಡ್ ಒಳಗಿಟ್ಟು ಕೊಟ್ಟವ್ರೆ ನಮ್ಮಮ್ಮ.”

“ಹೇಗೆ ಮಾಡ್ತಾರೆ ನಿಮ್ಮಮ್ಮ?”

ಮೊದಲು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ಕಲ್ಲುಪ್ಪಲ್ಲಿ ಉಜ್ಜಿ ಉಜ್ಜಿ ತೊಳೀತಾರೆ ಸಾರ್. ಅರಿಶಿನ ಹಚ್ತಾರೆ, ಹುಣಸೆಹುಳಿ ಹಾಕ್ತಾರೆ. ಹಿಟ್ಟಲ್ಲಿ ಹೊಳ್ಳಾಡ್ಸಿ ಎಣ್ಣೆಗೆ ಬಿಡ್ತಾರೆ.”

ಉಪ್ಪು, ಅರಿಶಿನ, ಹುಣಸೆ, ಹಿಟ್ಟು, ಎಣ್ಣೆ. ಸೋಮೇಶ್ವರನ ಕ್ರಮ ಹೆಚ್ಚುಕಡಮೆ ಅದೇ ಸಾಲಿನಲ್ಲಿ ಬಂದಿತು. ಆ ತಾಯಿ ಮಾನಸೋಲ್ಲಾಸದ ಹೆಸರು ಕೇಳಿರಲಾರಳು; ಬರೋಡೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಅಚ್ಚಾದ ಆ ಸಂಪುಟಗಳು ಅರಸೀಕೆರೆಯ ಬೆಸ್ತರ ಬೀದಿಗೆ ಬಂದೂ ಇರಲಾರವು. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ಬಂದ ಪಾಠ ಇದು. ಮಕ್ಕಳನ್ನೆಲ್ಲ ಹತ್ತಿರ ಕೂರಿಸಿಕೊಂಡು, ಈ ಡಬ್ಬಿಯಲ್ಲಿರುವುದನ್ನು ಒಂಬತ್ತು ನೂರು ವರ್ಷಗಳ ಹಿಂದೆ ಚಕ್ರವರ್ತಿಯೊಬ್ಬ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ ಎಂದು ಹೇಳಿದೆ. ಮೂಗು ಹಿಡಿದಿದ್ದವರಲ್ಲಿ ಒಬ್ಬ “ನಂಗೊಂದು ಕೊಡೇ” ಎಂದು ಕೈ ಚಾಚಿದನು. ಅವಳು ಕೊಡಲಿಲ್ಲ. ನನಗೆ ಮಾತ್ರ ಅರ್ಧ ಕೊಟ್ಟಳು.

ಮೀನಿನ ಕಥೆ ಹಾಗಾಯಿತು. ಇನ್ನು ಅದನ್ನು ಹೊತ್ತಿದ್ದ ಬ್ರೆಡ್ಡು.

ಗೋಧಿಯ ಮಂಡಿಗೆ, ಹೂರಣದ ಹೋಳಿಗೆಗಳು ನಮ್ಮಲ್ಲಿ ಹಳೆಯವು, ಮಾನಸೋಲ್ಲಾಸದಲ್ಲಿಯೂ ಇವೆ. ಒಂದರೊಳಗೆ ಒಂದನ್ನು ಇಟ್ಟು ತಿನ್ನುವುದನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಮಗಿಲ್ಲದಿದ್ದುದು ಹುದುಗಿಸಿ, ಉಬ್ಬಿಸಿ, ಮುಚ್ಚಿದ ಒಲೆಯಲ್ಲಿ ಸುಟ್ಟ ರೊಟ್ಟಿ. ಅದನ್ನು ತಂದವರು ಪೋರ್ಚುಗೀಸರು. 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಹಿಟ್ಟು ಉಬ್ಬಿಸಲು ಬೇಕಾದ ಹುದುಗು ಸಿಗದೆ ತೆಂಗಿನ ಕಳ್ಳನ್ನು ಹಾಕಿ ನೋಡಿದರು, ಸರಿಹೋಯಿತು. ಅವರ ‘ಪಾಂವ್’ ಕೊಂಕಣದಲ್ಲಿ, ಮುಂಬಯಿಯಲ್ಲಿ ‘ಪಾವ್’ ಆಯಿತು. ನಮ್ಮ ಮೈಸೂರು ಸೀಮೆಯಲ್ಲಿ ಆ ಮಾತು ನೆಲೆಯೂರದಿದ್ದುದಕ್ಕೆ ಒಂದು ಕಾರಣ, ಇಲ್ಲಿ ಪಾವು ಎಂದರೆ ಅಕ್ಕಿ ಅಳೆಯುವ ಅಳತೆ. ಒಂದು ಪಾವು ಕೊಡಿ ಎಂದರೆ ಅಂಗಡಿಯವನು ಅಕ್ಕಿಯನ್ನೇ ಅಳೆದಾನು.

ಎರಡು ಹೋಳುಗಳ ನಡುವೆ ಏನನ್ನಾದರೂ ಇಟ್ಟು ತಿನ್ನುವ ತಿಂಡಿಗೆ ಸ್ಯಾಂಡ್‌ವಿಚ್ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನ ಬಿರುದುಳ್ಳ ಜಾನ್ ಮಾಂಟೆಗು ಎಂಬ ಶ್ರೀಮಂತನಿಂದ. ಇಸ್ಪೀಟಿನ ಮೇಜು ಬಿಟ್ಟು ಏಳಲಾರದೆ ಮಾಂಸವನ್ನು ರೊಟ್ಟಿಯೊಳಗೆ ಇಟ್ಟು ತರಿಸಿಕೊಂಡನೆಂದು ಕಥೆ. ಅವನು ಕೆಲಸದ ಮೇಜಿನ ಮುಂದಿದ್ದನೆಂದು ಅವನ ಕಡೆಯವರು ಹೇಳುತ್ತಾರೆ. ಹೇಗಾದರೂ ಇರಲಿ, ಚರಿತ್ರಕಾರ ಎಡ್ವರ್ಡ್ ಗಿಬ್ಬನ್ 1762ರ ತನ್ನ ದಿನಚರಿಯಲ್ಲಿ ಆ ಮಾತನ್ನು ಬರೆದಿದ್ದಾನೆ. ಅದೇ ಈ ಪದದ ಮೊದಲ ಬರಹವೆಂದು ಹೇಳುತ್ತಾರೆ. ಕರಿದ ಮೀನು, ಸೀಗಡಿ, ಸಿಂಪಿಗಳನ್ನು ಉದ್ದನೆಯ ರೊಟ್ಟಿಯಲ್ಲಿ ತುಂಬುವುದಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ಪ್ರಸಿದ್ಧ. ಅಲ್ಲಿ 1929ರಲ್ಲಿ ಟ್ರಾಂ ಕೆಲಸಗಾರರು ಮುಷ್ಕರ ಹೂಡಿದಾಗ, ಹಿಂದೆ ತಾವೂ ಅದೇ ಕೆಲಸದಲ್ಲಿದ್ದ ಮಾರ್ಟಿನ್ ಸಹೋದರರು ತಮ್ಮ ಅಂಗಡಿಯಲ್ಲಿ ಅವರಿಗೆ ಊಟ ಕೊಟ್ಟರು. ‘ಬಡ ಹುಡುಗ’ ಎಂಬ ಅರ್ಥದ ಹೆಸರು ಆ ತಿಂಡಿಗೆ ಅಂದಿನಿಂದ ಬಂದಿತೆಂದು ಆ ಊರಿನ ಜನ ಹೇಳುತ್ತಾರೆ. ಶ್ರೀಮಂತನ ಹೆಸರಿನಲ್ಲಿ ಹೊರಟ ತಿಂಡಿ ಬಡವನ ಹೆಸರನ್ನು ಹೊತ್ತುಕೊಂಡದ್ದು ನನಗೆ ಪ್ರಿಯವಾದ ಸಂಗತಿ. ಕನ್ನಡದಲ್ಲಿ ಇದಕ್ಕೆ ಹೆಸರಿಡಲು ನಮ್ಮ ಪಂಡಿತ ಮಿತ್ರರೊಬ್ಬರು ‘ಸಂಪುಟಾಪೂಪ’ ಎಂದು ಸೂಚಿಸಿದರು. ಅರಸೀಕೆರೆಯ ಜನ ‘ಬ್ರೆಡ್ ಮೀನು’ ಎನ್ನುತ್ತಾರೆ. ಅದೇ ಉಳಿಯುತ್ತದೆ, ಸಂಶಯವಿಲ್ಲ.

ನಮ್ಮ ಕಡೆಗೆ ಬ್ರೆಡ್ಡು ಬಂದ ದಾರಿ ಕಬ್ಬಿಣದ ಹಳಿಯದು. 1876ರಿಂದ 1878ರ ವರೆಗಿನ ಘೋರ ಕ್ಷಾಮದ ತರುವಾಯ ಮೈಸೂರು ಸಂಸ್ಥಾನದಲ್ಲಿ ರೈಲುದಾರಿಯ ಕೆಲಸ ಚುರುಕಾಯಿತು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯಿಲ್ಲದೆ ಜನ ಸತ್ತರೆಂಬುದು ಆಡಳಿತದವರಿಗೆ ಅರಿವಾಗಿತ್ತು. 1889ರ ಹೊತ್ತಿಗೆ ಬೆಂಗಳೂರಿನಿಂದ ಅರಸೀಕೆರೆಯ ಮೇಲೆ ಹರಿಹರದವರೆಗೆ ಗಾಡಿ ಓಡಿತು. 1918ರಲ್ಲಿ ಮೈಸೂರಿನಿಂದ ಹಾಸನದ ಮೇಲಾಗಿ ಬಂದ ಹಳಿಯೂ ಅರಸೀಕೆರೆಯಲ್ಲಿ ಕೂಡಿಕೊಂಡು ಊರು ಜಂಕ್ಷನ್ ಆಯಿತು. ತೆಂಗಿನಕಾಯಿ, ಕೊಬ್ಬರಿ ಹೊರಕ್ಕೆ ಹೋದವು. ಹೊರಗಿನದು ಒಳಕ್ಕೆ ಬಂದಿತು.

ಬ್ರೆಡ್ಡಿನ ಅರ್ಧ ಕಥೆ ನಮ್ಮ ಜಿಲ್ಲೆಯದೇ ಎಂಬುದು ಬಹುಜನಕ್ಕೆ ತಿಳಿಯದು. ಬೆಂಗಳೂರಿನ ಬೀದಿಬೀದಿಯಲ್ಲಿ ಕಾಣುವ ಅಯ್ಯಂಗಾರ್ ಬೇಕರಿಗಳನ್ನು ನಡೆಸಿದವರಲ್ಲಿ ಹೆಚ್ಚಿನವರು ಹಾಸನ ಜಿಲ್ಲೆಯ ಹಳ್ಳಿಗಳಿಂದ ಹೋದ ಕುಟುಂಬದವರು. 1898ರಲ್ಲಿ ಹಾಸನದ ಕಡೆಯ ಸಹೋದರರು ಚಿಕ್ಕಪೇಟೆಯಲ್ಲಿ ತೆರೆದ ಬಿ.ಬಿ. ಬೇಕರಿಯನ್ನು ಈ ಪರಂಪರೆಯ ಮೊದಲನೆಯದೆಂದು ಹೇಳುತ್ತಾರೆ. ದಂಡಿನ ಇಂಗ್ಲಿಷರು ತಿನ್ನುತ್ತಿದ್ದ ಬ್ರೆಡ್ಡನ್ನು ಶ್ರೀವೈಷ್ಣವರ ಮನೆಯವರು ಕೈಗೆ ತೆಗೆದುಕೊಂಡು, ಮೊಟ್ಟೆ ಮುಟ್ಟದೆ, ಮಡಿಯವರೂ ಕೊಳ್ಳಬಹುದಾದ ವಸ್ತುವನ್ನಾಗಿ ಮಾಡಿದರು. ಮ್ಲೇಚ್ಛರ ರೊಟ್ಟಿಗೆ ಅಂಟಿದ್ದ ಸಂಶಯ ಹೋಗಿ ಅದು ಊರೂರಿಗೆ ಹರಡಲು ಅವರಷ್ಟು ಕಾರಣರಾದವರು ಇಲ್ಲ. ಆ ಸಸ್ಯಾಹಾರಿ ಬ್ರೆಡ್ಡು ಬೆಸ್ತರ ಮನೆಗೆ ಹೋಗಿ ಮೀನನ್ನು ಅಪ್ಪಿಕೊಂಡಿತು. ಚೆನ್ನಕೇಶವನಿಗೆ ಮತ್ಸ್ಯಾವತಾರವೂ ಉಂಟಲ್ಲವೆ ಎಂದು ಸಮಾಧಾನ ಹೇಳುವವರೂ ಇದ್ದಾರೆ. ಅಂಥ ಸಮಾಧಾನದ ಅಗತ್ಯವೇನೂ ಇಲ್ಲವೆಂದು ನನ್ನ ಮತ.

ನಮ್ಮ ಬಾಲ್ಯದವರೆಗೂ ಬ್ರೆಡ್ಡು ರೋಗಿಗಳ ಆಹಾರವಾಗಿದ್ದಿತು. ಜ್ವರ ಬಂದರೆ ಹಾಲಿನಲ್ಲಿ ಅದ್ದಿ ಕೊಡುತ್ತಿದ್ದರು. ಬ್ರೆಡ್ಡಿನ ಪೊಟ್ಟಣ ಹಿಡಿದು ಬೀದಿಯಲ್ಲಿ ಬಂದರೆ “ಮನೇಲಿ ಯಾರಿಗೆ ಹುಷಾರಿಲ್ಲ?” ಎಂದು ಎದುರಿನವರು ಕೇಳುವುದು ವಾಡಿಕೆ. ರೋಗಿಯ ಹಾಸಿಗೆಯಿಂದ ಎದ್ದು ಅದು ದುಡಿಯುವವರ ಬುತ್ತಿಗೆ ಸೇರಿದ್ದಕ್ಕೆ ಕಾರಣ ಬಲು ಸರಳ: ಮುದ್ದೆಯನ್ನು ಕಟ್ಟಿಕೊಂಡು ಹೋಗುವುದು ಕಷ್ಟ, ಅದಕ್ಕೆ ಸಾರು ಬೇಕು, ಬ್ರೆಡ್ಡಿಗೆ ಕಾಗದ ಸಾಕು.

ಇತ್ತ ಮೀನಿನ ಲೋಕವೂ ಬದಲಾಯಿತು. ಕಡಲ ಮೀನು ಹಿಂದೆ ಘಟ್ಟ ಹತ್ತಿ ಬರುತ್ತಿದ್ದುದು ಒಣಮೀನಾಗಿ, ಸಂತೆಗೆ. ಶಿರಾಡಿ ಘಾಟಿಯ ರಸ್ತೆಯಲ್ಲಿ ಲಾರಿಗಳ ಓಡಾಟ ಹೆಚ್ಚಿದ ಮೇಲೆ, 1979ರಲ್ಲಿ ಹಾಸನ ಮಂಗಳೂರುಗಳ ನಡುವೆ ರೈಲೂ ಬಂದ ಮೇಲೆ, ಕರಾವಳಿ ನಮಗೆ ಹತ್ತಿರವಾಯಿತು. ಮಂಜುಗಡ್ಡೆಯಲ್ಲಿಟ್ಟ ಬಂಗುಡೆ, ಭೂತಾಯಿ, ಅಂಜಲ್ ಈಗ ಹಾಸನ, ಬೇಲೂರು, ಅರಸೀಕೆರೆಗಳಿಗೆ ಬರುತ್ತವೆ. ಮೀನಿಗೆ ರವೆ ಹಚ್ಚಿ ಕಾಯಿಸುವ ಕರಾವಳಿಯ ಪದ್ಧತಿಯೂ ಅವುಗಳ ಜೊತೆಗೇ ಬಂದಿದೆ.

ಕೆರೆಯ ಮೀನಿನಲ್ಲಿ ಆದ ಬದಲಾವಣೆ ಇನ್ನೂ ವಿಚಿತ್ರ. ನಮ್ಮ ಕೆರೆಗಳ ಹಳೆಯ ಮೀನುಗಳು ಗೆಂಡೆ, ಕೊರವ, ಬಾಳೆ ಮುಂತಾದವು. 1952ರಲ್ಲಿ ಆಫ್ರಿಕ ಮೂಲದ ಟಿಲಾಪಿಯಾ ಮೀನನ್ನು ಭಾರತಕ್ಕೆ ತಂದರು. ಅದು ನಮ್ಮ ನೀರಿನಲ್ಲಿ ಮಿತಿಮೀರಿ ಬೆಳೆಯಿತು. ಜನ ಅದಕ್ಕೆ ಜಿಲೇಬಿ ಎಂದು ಹೆಸರಿಟ್ಟರು. ಸಿಹಿ ಜಿಲೇಬಿಗೂ ಇದಕ್ಕೂ ಏನು ಸಂಬಂಧವೆಂದು ನಾನು ಕೇಳದ ಬೆಸ್ತರಿಲ್ಲ, ನಕ್ಕವರೇ ಎಲ್ಲ. ಆಮೇಲೆ ಬಂದವು ಕಾಟ್ಲಾ, ರೋಹು. ಇವು ಹೊಳೆಯ ಹರಿವಿನಲ್ಲಿ ಮೊಟ್ಟೆಯಿಡುವ ಮೀನುಗಳು. ಕೆರೆಯ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರಲ್ಲಿ ಕಟಕದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಮೀನಿನ ಮಿದುಳಿನ ಕೆಳಗಿರುವ ಗ್ರಂಥಿಯ ಸತ್ವವನ್ನು ಸೂಜಿಯಿಂದ ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆ ಇಡಿಸಿದರು. ಅಂದಿನಿಂದ ಮರಿಗಳನ್ನು ಬೇಕೆಂದಾಗ ಪಡೆಯುವುದು ಸಾಧ್ಯವಾಗಿ ಊರೂರಿನ ಕೆರೆಗೆ ಮರಿ ಬಿಡುವ ಪದ್ಧತಿ ಬೆಳೆಯಿತು.

ರೋಹು ಎಂಬುದು ರೋಹಿತವೇ. ಮೂಲತಃ ಅದು ಉತ್ತರದ ನದಿಗಳ ಮೀನು. ಉಜ್ಜಯಿನಿಯ ಸಿಪ್ರೆಯಲ್ಲಿ ಅದು ಇದ್ದರೆ ಸೋಜಿಗವಿಲ್ಲ. ಯಶೋಧರನು ಮೀನಾಗಿ ಹುಟ್ಟಿದ ಜನ್ಮದಲ್ಲಿ ಅವನು ರೋಹಿತವೆಂದು ಸಂಸ್ಕೃತ, ಪ್ರಾಕೃತಗಳ ಕಥಾಪರಂಪರೆ ಹೇಳುತ್ತದೆ. ಜನ್ನನ ಕಾಲದಲ್ಲಿ ದೋರಸಮುದ್ರದ ಓದುಗರಿಗೆ ಅದು ಪುಸ್ತಕದ ಮೀನು. ಏಳೂವರೆ ಶತಮಾನ ಕಳೆದ ಮೇಲೆ ಆ ಪುಸ್ತಕದ ಮೀನು ನಿಜವಾಗಿ ನಮ್ಮ ಸೀಮೆಯ ಕೆರೆಗಳಿಗೆ ಇಳಿದು ಬಂದಿತು. ಬೇಲೂರಿನ ಗುಡಿಯಲ್ಲಿ ಅರ್ಜುನ ಬಿಲ್ಲೆತ್ತಿ ಮತ್ಸ್ಯಯಂತ್ರವನ್ನು ಹೊಡೆಯುವ ಪುಟ್ಟ ಶಿಲ್ಪವಿದೆ. ಪ್ರವಾಸಿಗಳು ಅದರ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಜೀವಂತ ಮೀನು ಬೇಕಾದರೆ ಬೆಳಗಿನ ಹೊತ್ತು ಯಾವುದಾದರೂ ಕೆರೆಯ ಏರಿಗೆ ಹೋಗಬೇಕು. ಬಲೆ ಎಳೆದ ದಿನ ಅಲ್ಲೇ ತೂಗಿ ಕೊಡುತ್ತಾರೆ.

ಇಷ್ಟು ಓದಿದವರು ಮಾಡುವ ಕ್ರಮವನ್ನೂ ಕೇಳಿಯಾರು. ನಮ್ಮ ಮನೆಯಲ್ಲಿ ಮಾಡುವುದನ್ನು ಹೇಳುತ್ತೇನೆ. ಬ್ರೆಡ್ಡಿನೊಳಗ ಇಡುವ ಮೀನಿಗೆ ಮುಳ್ಳು ಕಡಮೆ ಇರಬೇಕು. ರೋಹು, ಕಾಟ್ಲಾಗಳ ಸಾರು ಸೊಗಸು, ಆದರೆ ಮಾಂಸದ ನಡುವೆ ಕವಲೊಡೆದ ಸಣ್ಣ ಮುಳ್ಳು, ಇದಕ್ಕೆ ಆಗದು. ಕೆರೆಯ ಮೀನೇ ಬೇಕಾದರೆ ಕೊರವ. ಕಡಲಿನದಾದರೆ ಅಂಜಲ್, ಇಲ್ಲವೆ ಸುಲಿದ ಸೀಗಡಿ. ನಾಲ್ಕು ಜನಕ್ಕೆ ಅರ್ಧ ಕಿಲೋ ಸಾಕು. ಅಂಗೈ ಅಗಲದ, ಕಿರುಬೆರಳು ದಪ್ಪದ ತುಂಡು ಮಾಡಿಸಿ, ಕಲ್ಲುಪ್ಪಿನಲ್ಲಿ ತಿಕ್ಕಿ, ಮೂರು ನೀರು ತೊಳೆಯಬೇಕು. ಗೋಲಿ ಗಾತ್ರದ ಹುಣಸೆಹಣ್ಣಿನ ಗಟ್ಟಿ ರಸ, ಕಾಲು ಚಮಚ ಅರಿಶಿನ, ಬೆಳ್ಳುಳ್ಳಿ ಶುಂಠಿ ಅರೆದದ್ದು, ಉಪ್ಪು, ಅಚ್ಚಖಾರದ ಪುಡಿ ಸೇರಿಸಿ ಹಚ್ಚಿ ಅರ್ಧ ಗಂಟೆ ಇಡಬೇಕು. ಸೋಮೇಶ್ವರನ ರುಚಿ ನೋಡಬೇಕೆಂಬವರು ಖಾರದ ಪುಡಿ ಬಿಟ್ಟು ಕಾಳುಮೆಣಸನ್ನು ಕುಟ್ಟಿ, ಕರಿದ ಮೇಲೆ ಉದುರಿಸಿಕೊಳ್ಳಲಿ. ನಾನು ಎರಡನ್ನೂ ಮಾಡಿ ನೋಡಿದ್ದೇನೆ, ಮೆಣಸಿನದು ಹೆಚ್ಚು ಗಂಭೀರ. ಗೋಧಿ ಹಿಟ್ಟಿಗೆ ಬದಲು ನಮ್ಮಲ್ಲಿ ಎರಡು ಪಾಲು ಅಕ್ಕಿಹಿಟ್ಟು, ಒಂದು ಪಾಲು ಸಣ್ಣರವೆ. ಗೋಧಿ ಹಿಟ್ಟಿನದು ಬೇಗ ಮೆತ್ತಗಾಗುತ್ತದೆ.

ಬಾಣಲೆಯಲ್ಲಿ ಕಡಲೆಕಾಯಿ ಎಣ್ಣೆ ಕಾಯಬೇಕು. ಚಿಟಿಕೆ ಹಿಟ್ಟು ಹಾಕಿದರೆ ಸುರ್ರೆಂದು ಮೇಲೇಳಬೇಕು, ಹೊಗೆಯಾಡಬಾರದು. ಒಂದು ಸಲಕ್ಕೆ ಮೂರು ತುಂಡಿಗಿಂತ ಹೆಚ್ಚು ಬಿಡಬಾರದು. ಬಿಟ್ಟರೆ ಎಣ್ಣೆ ತಣ್ಣಗಾಗಿ ಮೀನು ಎಣ್ಣೆ ಕುಡಿಯುತ್ತದೆ. ಹಿಟ್ಟು ಗಟ್ಟಿಯಾಗುವ ತನಕ ಸೌಟು ಹಾಕದೆ, ಆಮೇಲೆ ಒಮ್ಮೆ ಮಾತ್ರ ಮಗುಚಬೇಕು. ಸೀಗಡಿಯಾದರೆ ಇದರ ಅರ್ಧ ಹೊತ್ತು, ತಡವಾದರೆ ರಬ್ಬರು. ಬ್ರೆಡ್ಡಿನ ಹೋಳುಗಳನ್ನು ಎಣ್ಣೆಯಿಲ್ಲದೆ ಕಾವಲಿಯ ಮೇಲೆ ಒಂದೇ ಮಗ್ಗುಲು ಬಿಸಿ ಮಾಡಿ, ಬಿಸಿಯಾದ ಮಗ್ಗುಲನ್ನು ಒಳಮುಖ ಮಾಡಿ, ಕೊತ್ತಂಬರಿ ಹಸಿಮೆಣಸಿನಕಾಯಿಯ ಗಟ್ಟಿ ಚಟ್ನಿ ಸವರಬೇಕು. ನೀರಾದ ಚಟ್ನಿ ಹಾಕಿದರೆ ಕೆಟ್ಟಿತು. ಮೇಲೆ ನಿಂಬೆರಸ ಹಿಂಡಿದ ಈರುಳ್ಳಿ, ಅದರ ಮೇಲೆ ಮೀನು. ಕರಿದ ಕೂಡಲೇ ಇಡದೆ, ಎಣ್ಣೆ ಇಳಿದು ಹಬೆ ಹೋಗಲು ಎರಡು ನಿಮಿಷ ಬಿಟ್ಟರೆ ಬ್ರೆಡ್ಡು ಬೆವರುವುದಿಲ್ಲ. ಅಂಜಲ್ ತುಂಡಿನ ನಡುವಿನ ಮೂಳೆಯನ್ನು ಮಾತ್ರ ಆಗಲೇ ತೆಗೆದುಬಿಡಬೇಕು, ಮಕ್ಕಳಿದ್ದ ಮನೆಯಲ್ಲಂತೂ ಎರಡು ಸಲ ಬೆರಳಾಡಿಸಿ ನೋಡಬೇಕು.